ಡಿವೈನ್ ಅಲ್ಲ, ಗ್ಲೆನ್

ಕಾಲೇಜಲ್ಲಿ ಒಂದೇ ಒಂದು ಸಲ ಹೆಣ್ಣಿನ ಪಾತ್ರ ಮಾಡಿದ್ದೆ ನಾನು. ಇಪ್ಪತ್ತು ನಿಮಿಷದ ನಾಟಕ, ಅದ್ರಲ್ಲಿ ನಂದು ಜಗಳಗಂಟಿ ಅತ್ತೆ ಪಾತ್ರ, ಹೆಸರು ಪುಟ್ಟಗೌರಮ್ಮ. ಅಮ್ಮನ ಹಳೇ ಸೀರೆ, ಯಾರದೋ ಅಕ್ಕನ ಬ್ಲೌಸು, ಅದರೊಳಗೆ ಎರಡು ಟವೆಲ್ ಉಂಡೆ. ಆ ಬ್ಲೌಸ್ ಎಷ್ಟು ಟೈಟ್ ಅಂದ್ರೆ ಸೊಸೆಗೆ ಬಯ್ಯೋಕೆ ಅಂತ ಕೈ ಎತ್ತಿದ ತಕ್ಷಣ ಕಂಕುಳಲ್ಲಿ ಪರ್ ಅಂತ ಹರೀತು, ಎಡಗಡೆ ಟವೆಲ್ ಜಾರಿ ಹೊಟ್ಟೆಗೆ ಬಂದು ಕೂತ್ಕೊಂಡ್ತು, ಇಡೀ ಹಾಲ್ ಬಿದ್ದು ಬಿದ್ದು ನಕ್ತು. ಪ್ರೈಜೂ ಬಂತು ಅನ್ನಿ. ಆದ್ರೆ ಅವತ್ತಿಂದ ಎರಡು ವರ್ಷ ಹಾಸ್ಟೆಲ್ಲಲ್ಲಿ ಒಬ್ಬನೂ ನನ್ನ ಹೆಸರು ಹಿಡಿದು ಕರೀಲಿಲ್ಲ. "ಪುಟ್ಟಗೌರಮ್ಮ, ನಿಮಗೆ ಫೋನು", "ಪುಟ್ಟಗೌರಮ್ಮ, ಬಕೆಟ್ ಕೊಡಿ". ಮುಂದಿನ ವರ್ಷ ಇನ್ಸ್‌ಪೆಕ್ಟರ್ ಪಾತ್ರ ಕೊಡಿ ಅಂತ ಕೇಳಿದ್ದಕ್ಕೆ ನಾಟಕ ಮಾಡಿಸ್ತಿದ್ದ ಸೀನಿಯರ್ ಹೇಳಿದ, ಲೋ ನೀನು ಖಾಕಿ ಹಾಕ್ಕೊಂಡು ಬಂದ್ರೂ ಜನ ಸೀರೇನೇ ನೋಡ್ತಾರೆ ಕಣೋ ಅಂತ.

ಇದೆಲ್ಲಾ ಈಗ ಯಾಕೆ ನೆನಪಾಯ್ತು ಅಂದ್ರೆ, ಹೋದ ವಾರ ಹೆಣ್ಣುವೇಷಕ್ಕೆ ಹೆಸರಾದ ಅಮೆರಿಕದ ನಟ ಡಿವೈನ್ ಬಗ್ಗೆ 2013ರಲ್ಲಿ ಬಂದ ಡಾಕ್ಯುಮೆಂಟರಿ ಇನ್ನೊಂದ್ಸಲ ನೋಡ್ದೆ. ಗಂಡಸ್ರು ಸಿಂಗರಿಸ್ಕೊಂಡು ಹೆಣ್ಣುವೇಷದಲ್ಲಿ ಷೋ ಕೊಡ್ತಾರಲ್ಲ, ಡ್ರ್ಯಾಗ್, ಅದು ಅಂದ್ರೆ ಈಗಿನ ಹುಡುಗ್ರಿಗೆ ರುಪಾಲ್ ನೆನಪಾಗ್ತಾರೆ, 2009ರಿಂದ ನಡೀತಾ ಇರೋ ಅವರ ರಿಯಾಲಿಟಿ ಷೋ, ಉದ್ದುದ್ದ ಉಗುರು, ಮಿಂಚೋ ಗೌನು, ಎಲ್ಲಾ ನೀಟು. ಡಿವೈನ್ ಅದಕ್ಕೂ ಮುಂಚಿನವನು, ಮತ್ತೆ ನೀಟ್ ಅನ್ನೋ ಪದಕ್ಕೂ ಅವನಿಗೂ ಸಂಬಂಧಾನೇ ಇಲ್ಲ. ಅವನ ನಿಜವಾದ ಹೆಸರು ಹ್ಯಾರಿಸ್ ಗ್ಲೆನ್ ಮಿಲ್‌ಸ್ಟೆಡ್. ಮನೇಲಿ ಗ್ಲೆನ್ ಅಂತಿದ್ರಂತೆ. ನಾನೂ ಗ್ಲೆನ್ ಅಂತಾನೇ ಬರೀತೀನಿ, ಪುಟ್ಟಗೌರಮ್ಮನ ಸೇಡು ಅಂದ್ಕೊಳ್ಳಿ.

ಹುಟ್ಟಿದ್ದು 1945ರ ಅಕ್ಟೋಬರ್ 19, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಒಬ್ಬನೇ ಮಗ, ಅಪ್ಪ ಅಮ್ಮ ಚರ್ಚಿಗೆ ಹೋಗೋ ಸಂಪ್ರದಾಯಸ್ಥರು, ದುಡ್ಡಿಗೆ ತೊಂದರೆ ಇರ್ಲಿಲ್ಲ, ಕೇಳಿದ್ದೆಲ್ಲಾ ಕೊಡಿಸಿ ಮುದ್ದು ಮಾಡಿ ಬೆಳೆಸಿದ್ರು. ಹುಡುಗ ದಪ್ಪ ಇದ್ದ, ಮೆತ್ತಗಿದ್ದ, ಅದಕ್ಕೇ ಸ್ಕೂಲಲ್ಲಿ ದಿನಾ ಒದೆ ತಿಂತಿದ್ದ. ಆಮೇಲೆ ಬ್ಯೂಟಿ ಸ್ಕೂಲಿಗೆ ಸೇರಿ ಹೇರ್ ಡ್ರೆಸರ್ ಆದ. ಅರವತ್ತರ ದಶಕದ ಆ ಜೇನುಗೂಡಿನ ಥರ ತಲೆ ಮೇಲೆ ಗೋಪುರ ಕಟ್ಟೋ ಹೇರ್ ಸ್ಟೈಲ್ ಇತ್ತಲ್ಲ, ಅದ್ರಲ್ಲಿ ಅವನ ಕೈ ಪಳಗಿತ್ತಂತೆ. ಅಪ್ಪ ಅಮ್ಮ ಒಂದು ಪಾರ್ಲರನ್ನೂ ಹಾಕ್ಕೊಟ್ರು. ಇದನ್ನ ಜನ ಸಾಮಾನ್ಯವಾಗಿ ಒಂದು ಸಾಲಲ್ಲಿ ಹೇಳಿ ಮುಗಿಸ್ತಾರೆ, ಆದ್ರೆ ನಂಗೆ ಇದು ಮುಖ್ಯ ಅನ್ಸುತ್ತೆ, ಯಾಕಂದ್ರೆ ಹೆಂಗಸ್ರು ಕನ್ನಡಿ ಮುಂದೆ ಕೂತು ತಮ್ಮನ್ನ ತಾವು ಹೇಗೆ ನೋಡ್ಕೋತಾರೆ, ಗಲ್ಲ ಎಷ್ಟು ಎತ್ತುತಾರೆ, ಯಾವ ಕಡೆ ತಿರುಗ್ತಾರೆ ಅನ್ನೋದನ್ನ ಹಿಂದೆ ಬಾಚಣಿಗೆ ಹಿಡ್ಕೊಂಡು ನಿಂತು ದಿನಾ ನೋಡಿದವನು ಅವನು. ಬೇರೆ ಯಾವ ನಟನಿಗೆ ಸಿಕ್ಕುತ್ತೆ ಅಂಥ ತರಬೇತಿ?

ಅದೇ ಬಡಾವಣೇಲಿ, ಕೆಲವೇ ಮನೆ ಆಚೆ, ಅವನಿಗಿಂತ ಆರು ತಿಂಗಳು ಚಿಕ್ಕವನೊಬ್ಬ ಇದ್ದ, ಜಾನ್ ವಾಟರ್ಸ್. ಸಿನಿಮಾ ಹುಚ್ಚು. ಸಭ್ಯರು ಮುಖ ಸಿಂಡರಿಸೋಂಥದ್ದನ್ನ ಹುಡುಕಿ ಹುಡುಕಿ ಶೂಟ್ ಮಾಡೋ ಹುಚ್ಚು. ಗ್ಲೆನ್‌ಗೆ ಡಿವೈನ್ ಅಂತ ಹೆಸರಿಟ್ಟವನು ಅವನೇ. ದಿವ್ಯ ಅಂತ ಅರ್ಥ ಅಲ್ವಾ, ಇಟ್ಟಿದ್ದು ಯಾರಿಗೆ, ಸ್ಕೂಲಲ್ಲಿ ಒದೆ ತಿಂದ ದಪ್ಪ ಹುಡುಗನಿಗೆ. ಜೊತೆಗೆ ಒಂದು ಬಿರುದು ಬೇರೆ: ಪ್ರಪಂಚದ ಅತೀ ಸುಂದರ ಹೆಂಗಸು, ಹೆಚ್ಚೂಕಮ್ಮಿ. ಆ ಹೆಚ್ಚೂಕಮ್ಮಿ ಅನ್ನೋದ್ರಲ್ಲೇ ಇಡೀ ತಮಾಷೆ ಇರೋದು.

ಅವನ ಮುಖ ನೋಡಿದ್ದೀರಾ? ಒಂದ್ಸಲ ನೋಡಿದ್ರೆ ಮರೆಯೋಕಾಗಲ್ಲ. ವ್ಯಾನ್ ಸ್ಮಿತ್ ಅನ್ನೋ ಮೇಕಪ್ ಆರ್ಟಿಸ್ಟ್ ಮಾಡಿದ್ದು. ಕಣ್ಣಿನ ಮೇಕಪ್ಪಿಗೆ ಹಣೆ ಮೇಲೆ ಜಾಗ ಸಾಲ್ತಿಲ್ಲ ಅಂತ ಆತ ಗ್ಲೆನ್‌ನ ಮುಂದಲೆ ಕೂದಲನ್ನೇ ನಡುನೆತ್ತಿವರೆಗೂ ಬೋಳಿಸಿಬಿಟ್ಟ! ಹುಬ್ಬು ಇರಬೇಕಾದ ಜಾಗದಲ್ಲಿ ಹುಬ್ಬಿಲ್ಲ, ಅದು ಎಲ್ಲೋ ನೆತ್ತಿ ಕಡೆ ಹೊರಟಿರೋ ಕಮಾನು, ಕೆಳಗೆ ಕಣ್ಣಿನ ಸುತ್ತ ಬಣ್ಣದ ರಾಶಿ. ಹೆಂಗಸಿನ ಹಾಗೆ ಕಾಣ್ಲಿ ಅಂತ ಮಾಡಿದ್ದಲ್ಲವೇ ಅಲ್ಲ ಅದು. ನಂಗಂತೂ ಅದನ್ನ ನೋಡ್ದಾಗೆಲ್ಲಾ ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತೆ, ಸ್ತ್ರೀವೇಷ ಅಲ್ಲ ಮತ್ತೆ, ರಾಕ್ಷಸನದ್ದು. ದೂರದಿಂದ ನೋಡಿದ್ರೂ ಎದೆ ಝಲ್ ಅನ್ಬೇಕು ಅಂತ ಬರೆದ ಮುಖ.

ಆ ಮುಖ ಇಟ್ಕೊಂಡು ಅವನು ಬಾಲ್ಟಿಮೋರ್ ಪೇಟೆ ಬೀದೀಲಿ ನಡ್ಕೊಂಡು ಹೋಗೋ ಒಂದು ಸೀನ್ ಇದೆ, 1972ರ ಪಿಂಕ್ ಫ್ಲೆಮಿಂಗೋಸ್ ಸಿನಿಮಾದಲ್ಲಿ. ವಾಟರ್ಸ್ ಕಾರಲ್ಲಿ ಕೂತು ಶೂಟ್ ಮಾಡ್ತಿದ್ದ, ರಸ್ತೇಲಿದ್ದೋರ್ಗೆ ಸಿನಿಮಾ ಅಂತಾನೂ ಗೊತ್ತಿಲ್ಲ. ಜನ ತಿರುಗಿ ತಿರುಗಿ ನೋಡ್ತಾರೆ, ಬಾಯಿ ಬಿಟ್ಕೊಂಡು ನಿಂತಲ್ಲೇ ನಿಂತಿರ್ತಾರೆ, ಇವನು ಮಾತ್ರ ಗಲ್ಲ ಎತ್ಕೊಂಡು, ಸೊಂಟ ಆಡಿಸ್ಕೊಂಡು, ಬೀದಿ ತನ್ನ ಅಪ್ಪನ ಮನೇದು ಅನ್ನೋ ಹಾಗೆ ಹೋಗ್ತಾ ಇರ್ತಾನೆ. ಇಡೀ ಸಿನಿಮಾ ಬಿಟ್ಟು ಇದೊಂದೇ ಸೀನ್ ನಾನು ಎಷ್ಟು ಸಲ ನೋಡಿದೀನೋ. ಸ್ಕೂಲಿನ ದಾರೀಲಿ ತಲೆ ತಗ್ಗಿಸ್ಕೊಂಡು ಹೋಗ್ತಿದ್ದ ಹುಡುಗ ಇವನೇನಾ ಅನ್ಸುತ್ತೆ.

ಆದ್ರೆ ಆ ಸಿನಿಮಾ ಅಂದ್ರೆ ಜನ ನೆನಪಿಟ್ಕೊಂಡಿರೋದು ಈ ನಡಿಗೆ ಅಲ್ಲ, ಕೊನೇ ಸೀನು. ಊಟ ಮಾಡ್ತಾ ಓದ್ತಿದ್ರೆ ಈ ಪ್ಯಾರಾ ಬಿಟ್ಬಿಡಿ. ನಾಯಿ ಕಕ್ಕ ಮಾಡುತ್ತೆ, ಇವನು ಅದನ್ನ ಎತ್ತಿ ಬಾಯಿಗೆ ಹಾಕ್ಕೋತಾನೆ. ಟ್ರಿಕ್ಕಿಲ್ಲ, ಗ್ರಾಫಿಕ್ಸ್ ಇಲ್ಲ, ನಿಜವಾಗ್ಲೂ. ಆಮೇಲೆ ಭಯ ಆಗಿ ಆಸ್ಪತ್ರೆಗೆ ಫೋನ್ ಮಾಡಿ, ತಾನೊಬ್ಬ ತಾಯಿ ಅನ್ನೋ ಹಾಗೆ ಮಾತಾಡಿ, ನಮ್ಮ ಮಗು ಹೀಗ್ ಮಾಡ್ಕೊಂಡ್ಬಿಟ್ಟಿದೆ ಏನಾದ್ರೂ ಆಗುತ್ತಾ ಅಂತ ಕೇಳಿದ್ನಂತೆ. ಇದು ನಗೋ ವಿಷಯಾನೇ. ಆದ್ರೆ ಇಪ್ಪತ್ತಾರು ವರ್ಷದವನಾಗಿದ್ದಾಗ ಒಂದು ಕ್ಷಣ ಮಾಡಿದ್ದನ್ನ ಸಾಯೋವರೆಗೂ ಪ್ರತೀ ಇಂಟರ್‌ವ್ಯೂನಲ್ಲೂ ಕೇಳಿದ್ರು ಅವನನ್ನ. ನಾನು ಆ ಹಳೇ ಇಂಟರ್‌ವ್ಯೂಗಳನ್ನ ನೋಡಿದೀನಿ, ಸೂಟ್ ಹಾಕ್ಕೊಂಡು ಕೂತಿರ್ತಾನೆ, ಮೆಲು ದನಿ, ಒಳ್ಳೇ ಮರ್ಯಾದಸ್ಥ, ಆ ಪ್ರಶ್ನೆ ಬಂದಾಗ ಒಂದು ಸಣ್ಣ ನಗು ಬರುತ್ತೆ. ಆ ನಗು ನಂಗೆ ಗೊತ್ತು. ಬಕೆಟ್ ಕೊಡಿ ಪುಟ್ಟಗೌರಮ್ಮ ಅಂದಾಗ ನಾನೂ ಅದೇ ನಗು ನಗ್ತಿದ್ದೆ.

ಇದು ನನ್ನ ಬಟ್ಟೆ ಅಲ್ಲ, ಕೆಲಸದ ಬಟ್ಟೆ ಅಂತ ಅವನು ಹೇಳ್ತಾನೇ ಇದ್ದ. ಪೊಲೀಸಿಗೆ ಯೂನಿಫಾರ್ಮ್ ಇದ್ದ ಹಾಗೆ. ಗೇ ಅನ್ನೋದೇನೋ ಹೌದು, ಅದನ್ನ ಮುಚ್ಚಿಟ್ಟಿರ್ಲಿಲ್ಲ, ಆದ್ರೆ ಹೆಣ್ಣಾಗಬೇಕು ಅನ್ನೋ ಆಸೆ ಇರ್ಲಿಲ್ಲ, ಮನೇಲಿ ಸುಮ್ನೆ ಕೂತಾಗ ಗೌನ್ ಹಾಕ್ತಾನೂ ಇರ್ಲಿಲ್ಲ. ಹಾಕೋರನ್ನ ನಾನು ಕಡಿಮೆ ಅಂತಿಲ್ಲ ಮತ್ತೆ, ಡ್ರ್ಯಾಗ್ ಮಾಡೋರಲ್ಲಿ ಎಲ್ಲಾ ಥರದೋರೂ ಇದಾರೆ, ಕೆಲವ್ರಿಗೆ ಅದು ಕಲೆ, ಕೆಲವ್ರಿಗೆ ಹೊಟ್ಟೆಪಾಡು, ಕೆಲವ್ರಿಗೆ ತಾವು ಯಾರು ಅಂತ ಗೊತ್ತಾಗಿದ್ದೇ ಆ ಕನ್ನಡಿ ಮುಂದೆ. ಗ್ಲೆನ್‌ಗೆ ಅದು ಕೆಲಸ. ಅವನಿಗೆ ಬೇಕಾಗಿದ್ದು ನಟ ಅನ್ನಿಸಿಕೊಳ್ಳೋದು. 1974ರ ಫೀಮೇಲ್ ಟ್ರಬಲ್‌ನಲ್ಲೇ ನಾಯಕಿನೂ ಅವನೇ, ಅವಳನ್ನ ಕೆಡಿಸೋ ಗಂಡಸೂ ಅವನೇ, ಒಂದೇ ಸೀನಲ್ಲಿ ಇಬ್ರೂ. ಜನ ನಾಯಕಿನ ನೆನಪಿಟ್ಕೊಂಡ್ರು.

ದುಡ್ಡು ಬಂದಿದ್ದು ಮಾತ್ರ ಹಾಡಿಂದ. ಹಾಡುಗಾರ ಅಲ್ಲ, ಅದು ಹಾಡೋದೂ ಅಲ್ಲ, ಗುಡುಗೋದು. ಎಂಬತ್ತರ ದಶಕದ ಡಿಸ್ಕೋ ಬೀಟ್ ಮೇಲೆ ಗಂಟಲು ಹರಿಯೋ ಹಾಗೆ ಗುಡುಗ್ತಾ ಊರೂರು ಕ್ಲಬ್ ಸುತ್ತಿದ, 1984ರಲ್ಲಿ ಒಂದು ಹಾಡು ಬ್ರಿಟನ್ ಚಾರ್ಟಲ್ಲಿ 16ನೇ ಜಾಗಕ್ಕೆ ಬಂತು, ಅಲ್ಲಿನ ಟೀವಿ ಷೋ ಟಾಪ್ ಆಫ್ ದಿ ಪಾಪ್ಸ್‌ನಲ್ಲೂ ಕುಣಿದ. ಅಷ್ಟು ಭಾರದ ಮೈ, ಮೈಗಂಟಿದ ಗೌನು, ತಲೆ ಮೇಲೆ ವಿಗ್ಗು, ಎದುರಿಗೆ ಸ್ಟೇಜ್ ಲೈಟು. ಇಪ್ಪತ್ತು ನಿಮಿಷಕ್ಕೇ ಆ ಸೀರೆ ಬ್ಲೌಸಲ್ಲಿ ಬೆಂದುಹೋಗಿದ್ದ ನನಗೆ ಅದು ಊಹೆ ಮಾಡೋಕೂ ಆಗಲ್ಲ.

ಅಪ್ಪ ಅಮ್ಮನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿತ್ತು. ಮಗ ಡಿವೈನ್ ಆಗಿದಾನೆ ಅನ್ನೋದು ತಾಯಿ ಫ್ರಾನ್ಸಿಸ್‌ಗೆ ಗೊತ್ತಾಗಿದ್ದು ಪತ್ರಿಕೇಲಿ ಬಂದ ಒಂದು ಲೇಖನದಿಂದ. 1981ರ ಸುಮಾರಿಗೆ ಮತ್ತೆ ಒಂದಾದ್ರು. ಆಮೇಲೆ ಆ ತಾಯಿ ಮಗನ ಬಗ್ಗೆ ಪುಸ್ತಕಾನೇ ಬರೆದ್ರು, ಡಾಕ್ಯುಮೆಂಟರೀಲೂ ಮಾತಾಡಿದಾರೆ. ಕ್ಯಾಮೆರಾ ಮುಂದೆ ಕೂತಿರೋ ಆ ಅಜ್ಜಿನ ನೋಡಿದ್ರೆ, ನಾಯಿ ಕಕ್ಕದ ಸೀನು ನೋಡಿದಾರೋ ಇಲ್ವೋ ಅನ್ನೋ ಕೆಟ್ಟ ಕುತೂಹಲ ನಂಗೆ ಬಂದೇ ಬರುತ್ತೆ, ಏನ್ಮಾಡ್ಲಿ.

ಇಲ್ಲಿ ಬಾಲಗಂಧರ್ವರನ್ನ ನೆನೆಸ್ಕೊಳ್ದೆ ಇರೋಕೆ ಆಗಲ್ಲ. ಮರಾಠಿ ರಂಗಭೂಮಿಯವರು, ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಅವರು ಸ್ಟೇಜ್ ಮೇಲೆ ಸೀರೆ ಉಟ್ಟ ರೀತೀನ ಮನೆ ಹೆಂಗಸ್ರು ನೋಡ್ಕೊಂಡು ಹೋಗಿ ಹಾಗೇ ಉಡ್ತಿದ್ರು. ಡ್ರ್ಯಾಗ್‌ಗೂ ಅದಕ್ಕೂ ಹೋಲಿಸಿದ್ರೆ ಬಯ್ಯೋರಿದಾರೆ, ಗೊತ್ತು, ಒಬ್ರು ಆದರ್ಶ ಸ್ತ್ರೀನ ಕೆತ್ತಿದ್ರು, ಇನ್ನೊಬ್ಬ ಆ ಆದರ್ಶದ ಮೇಲೆ ಕೆಸರೆರಚಿದ. ಆದ್ರೆ ಒಂದು ವಿಷಯದಲ್ಲಿ ಇಬ್ರದ್ದೂ ಒಂದೇ ಕಥೆ. 1935ರಲ್ಲಿ ಶಾಂತಾರಾಂ ಅವರ ಧರ್ಮಾತ್ಮ ಸಿನಿಮಾದಲ್ಲಿ ಬಾಲಗಂಧರ್ವರು ಸಂತ ಏಕನಾಥನ ಪಾತ್ರ ಮಾಡಿದ್ರು, ಅಂದ್ರೆ ಗಂಡಸಿನ ಪಾತ್ರ. ಜನ ಒಪ್ಪಲಿಲ್ಲ. ಅವ್ರಿಗೆ ಬೇಕಾಗಿದ್ದು ಸೀರೆ ಉಟ್ಟ ಗಂಧರ್ವರೇ. ಖಾಕಿ ಹಾಕಿದ್ರೂ ಸೀರೇನೇ ನೋಡ್ತಾರೆ ಅಂತ ನಮ್ಮ ಸೀನಿಯರ್ ಹೇಳಿದ್ದು ಪುಣ್ಯಾತ್ಮ ಎಲ್ಲಿಂದ ಕಲ್ತಿದ್ನೋ.

ಗ್ಲೆನ್ ಬಿಡಲಿಲ್ಲ. 1985ರಲ್ಲಿ ಟ್ರಬಲ್ ಇನ್ ಮೈಂಡ್ ಅನ್ನೋ ಸಿನಿಮಾದಲ್ಲಿ ಗ್ಯಾಂಗ್‌ಸ್ಟರ್ ಆದ, ವಿಗ್ಗಿಲ್ಲ, ಗೌನಿಲ್ಲ, ಸೂಟು. ಆಮೇಲೆ 1988ರ ಹೇರ್‌ಸ್ಪ್ರೇ. ಮತ್ತೆ ವಾಟರ್ಸ್ ಸಿನಿಮಾ, ಆದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ ನೋಡಬಹುದಾದ್ದು. ಅದ್ರಲ್ಲಿ ಅವನದ್ದು ಎಡ್ನಾ ಅನ್ನೋ ತಾಯಿ ಪಾತ್ರ, ಇಸ್ತ್ರಿ ಮಾಡ್ಕೊಂಡು ಜೀವನ ಸವೆಸಿದ ಹೆಂಗಸು. ನೆತ್ತಿಗೆ ಏರೋ ಹುಬ್ಬಿಲ್ಲ, ಒಂದು ಮಾಸಲು ಮನೆ ಗೌನು, ಕೆದರಿದ ಕೂದಲು, ಸುಸ್ತಾದ ಮುಖ. ನನ್ನ ಮಟ್ಟಿಗೆ ಅವನ ಅತ್ಯುತ್ತಮ ಕೆಲಸ ಇದೇ, ಪಿಂಕ್ ಫ್ಲೆಮಿಂಗೋಸ್ ಭಕ್ತರು ಏನಾದ್ರೂ ಅಂದ್ಕೊಳ್ಳಿ. ಮಗಳು ಟೀವೀಲಿ ಕುಣಿಯೋದನ್ನ ನೋಡಿ ಆ ಮುಖ ಅರಳುತ್ತಲ್ಲ, ಅಲ್ಲಿ ಗಂಡಸು ಹೆಂಗಸಿನ ವೇಷ ಹಾಕಿದಾನೆ ಅನ್ನೋದು ಮರ್ತೇ ಹೋಗುತ್ತೆ. ಅದೇ ಸಿನಿಮಾದಲ್ಲಿ ಟೀವಿ ಸ್ಟೇಷನ್ ಓನರ್ ಒಬ್ಬ ಬರ್ತಾನೆ, ಕರಿಯರನ್ನ ಕಂಡ್ರೆ ಆಗದ ಗಂಡಸು, ಅದೂ ಗ್ಲೆನ್ನೇ. ನಾನು ಮೊದಲ ಸಲ ನೋಡ್ದಾಗ ಗುರುತೇ ಹಿಡೀಲಿಲ್ಲ.

ಈ ಸಲ ವಿಮರ್ಶಕರೂ ಹೊಗಳಿದ್ರು. ವೇಷ ಅಂತಲ್ಲ, ನಟನೆ ಅಂತ. ಅದಾದ್ಮೇಲೆ ಒಂದು ಟೀವಿ ಸೀರಿಯಲ್ಲಿಂದ ಕರೆ ಬಂತು, ಮ್ಯಾರೀಡ್ ವಿತ್ ಚಿಲ್ಡ್ರನ್, ಆಗ ಹೊಸದಾಗಿ ಹೆಸರು ಮಾಡ್ತಿದ್ದ ಕಾಮಿಡಿ. ಪಾತ್ರದ ಹೆಸರು ಅಂಕಲ್ ಆಟೋ. ಅಂಕಲ್! ಇಡೀ ದಿನ ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ರಿಹರ್ಸಲ್ ಮಾಡಿದ, ಸ್ನೇಹಿತರ ಜೊತೆ ಊಟ ಮಾಡಿದ, ಹೋಟೆಲ್ ರೂಮಿಗೆ ಬಂದು ಮಲಗಿದ. ಹೃದಯ ದೊಡ್ಡದಾಗಿತ್ತಂತೆ, ಕವಿಗಳು ಹೇಳೋ ಅರ್ಥದಲ್ಲಲ್ಲ, ಡಾಕ್ಟರ್ ಹೇಳೋ ಅರ್ಥದಲ್ಲಿ. ನಿದ್ದೇಲೇ ಹೋಗ್ಬಿಟ್ಟ. 1988ರ ಮಾರ್ಚ್ 7. ಬೆಳಗ್ಗೆ ನೋಡಿದವರು ಮ್ಯಾನೇಜರ್ ಬರ್ನಾರ್ಡ್ ಜೇ. ವಯಸ್ಸು 42. ಹೇರ್‌ಸ್ಪ್ರೇ ಥಿಯೇಟರಿಗೆ ಬಂದು ಇನ್ನೂ ಎರಡು ವಾರಾನೂ ಆಗಿರ್ಲಿಲ್ಲ.

ಮಾರನೇ ವರ್ಷ ಬಂದ ಲಿಟ್ಲ್ ಮರ್ಮೇಡ್ ಕಾರ್ಟೂನಲ್ಲಿ ಅರ್ಸುಲಾ ಅನ್ನೋ ಸಮುದ್ರದ ಮಾಟಗಾತಿ ಇದಾಳಲ್ಲ, ಆ ದಪ್ಪ ಮೈ, ಆ ಹುಬ್ಬು, ಆ ಕಣ್ಣು, ಅದು ಡಿವೈನ್‌ನ ನೋಡ್ಕೊಂಡು ಬರೆದಿದ್ದೇ. ನಮ್ಮ ಮನೆ ಮಕ್ಳೂ ನೋಡಿ ಹೆದರಿದಾವೆ. ಹೇರ್‌ಸ್ಪ್ರೇ 2002ರಲ್ಲಿ ಬ್ರಾಡ್‌ವೇ ನಾಟಕ ಆಯ್ತು, 2007ರಲ್ಲಿ ಮತ್ತೆ ಸಿನಿಮಾ ಆಯ್ತು, ಎರಡರಲ್ಲೂ ಎಡ್ನಾ ಪಾತ್ರ ಗಂಡಸೇ ಮಾಡಿದ್ದು, ಹಾರ್ವಿ ಫಿಯರ್‌ಸ್ಟೀನ್ ಮೊದಲು, ಆಮೇಲೆ ಜಾನ್ ಟ್ರವೋಲ್ಟಾ.

ಗ್ಲೆನ್ ಅಂತ್ಯಕ್ರಿಯೆಗೆ ನಟಿ ವೂಪಿ ಗೋಲ್ಡ್‌ಬರ್ಗ್ ಕಳ್ಸಿದ ಹೂವಿನ ಮೇಲೆ ಒಂದು ಚೀಟಿ ಇತ್ತಂತೆ, ಒಳ್ಳೇ ವಿಮರ್ಶೆ ಬಂದ್ರೆ ಏನಾಗುತ್ತೆ ನೋಡಿದ್ಯಾ ಅನ್ನೋ ಅರ್ಥದ್ದು. ಸಮಾಧಿ ಇರೋದು ಬಾಲ್ಟಿಮೋರ್ ಪಕ್ಕದ ಟೌಸನ್‌ನಲ್ಲಿ. ಅಭಿಮಾನಿಗಳು ಈಗಲೂ ಹೋಗ್ತಾರೆ, ಮೇಕಪ್ ಸಾಮಾನು ಇಟ್ಟು ಬರ್ತಾರೆ, ಕಲ್ಲಿನ ಮೇಲೆ ಗೀಚಿ ಬರ್ತಾರೆ. ಕೊನೇ ದಿನ ಅಂಕಲ್ ಆಗಿ ರಿಹರ್ಸಲ್ ಮಾಡಿ, ಬರಿ ಮುಖದಲ್ಲಿ ಮಲಗಿದವನ ತಲೆ ಹತ್ರ ಈಗಲೂ ಲಿಪ್‌ಸ್ಟಿಕ್ಕು, ಐಲೈನರ್ರು.