ಸರಾಸರಿ ಕಾಳು

ಕೆ.ಜಿ.ಎಫ್‌ನಲ್ಲಿ ಬೆಳೆದವರಿಗೆ ಸೈನೈಡ್ ದಿಬ್ಬ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕಲ್ಲನ್ನು ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಪುಡಿಯನ್ನು ನೂರು ವರ್ಷ ಸುರಿದೂ ಸುರಿದೂ ಎದ್ದ ಗುಡ್ಡಗಳು ಅವು. ಮೈತುಂಬಾ ಮಳೆನೀರು ಕೊರೆದ ಕೊರಕಲು. ಆಷಾಢದ ಗಾಳಿ ಶುರುವಾದರೆ ಆ ಪುಡಿ ಎದ್ದು ಊರಿಗೆ ಬರುತ್ತಿತ್ತು. ಅಮ್ಮ ಒಗೆದ ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತಿದ್ದಳು. ಗಣಿಯ ಮಿಲ್‌ನಲ್ಲಿ ಕೆಲಸ ಮಾಡಿದ್ದ ತಾತ ಮಾತ್ರ ಆ ದಿಬ್ಬ ನೋಡಿದಾಗೆಲ್ಲ, "ಅದರಲ್ಲಿ ಇನ್ನೂ ಚಿನ್ನ ಐತೆ ಕಣೋ" ಅನ್ನುತ್ತಿದ್ದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾನಾಗ ಹತ್ತನೇ ಕ್ಲಾಸು. ಎರಡು ವರ್ಷ ಕಳೆದು, ಬಯಲುಸೀಮೆಯ ಹುಡುಗ ಕರಾವಳಿಯ ನಮ್ಮ ಕಾಲೇಜಿಗೆ ಬಂದೆ. ಲೋಹಶಾಸ್ತ್ರ ವಿಭಾಗ ಸೇರಿದ್ದಕ್ಕೆ ತಾತನ ಆ ಮಾತೇ ಕಾರಣ ಅಂತ ಈಗ ಅನ್ನಿಸುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೇಷ್ಟ್ರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಊರಿನಲ್ಲಿ ಬಿಸಾಡಿದ ವಸ್ತು ಯಾವುದು ಜಾಸ್ತಿ ಇದೆ? ನಾನು ದಿಬ್ಬದ ಲೆಕ್ಕ ಹೇಳಿದೆ. ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ. ಟನ್ನಿಗೆ ಒಂದು ಗ್ರಾಂ ಚಿನ್ನ ಕೂಡ ಸಿಗುವುದಿಲ್ಲ. "ಅದನ್ನೇ ಕಂಪ್ಯೂಟರಿನಲ್ಲಿ ಕರಗಿಸಿ ನೋಡುವಾ" ಅಂದರು. ನನಗೂ ನನ್ನ ಜೊತೆಗಾರನಿಗೂ ಖುಷಿಯೋ ಖುಷಿ. ಹೀಗೆ ನಿಜವಾದ ಕೆಲಸವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಸಿಮ್ಯುಲೇಷನ್ ಅಂದರೆ ಆ ದಿನಗಳಲ್ಲಿ ನಮಗೆ ದೊಡ್ಡ ಸಂಗತಿ.

ಆದರೆ ಅವರು ನಮ್ಮನ್ನು ಕಂಪ್ಯೂಟರ್ ಹತ್ತಿರ ಬಿಡಲೇ ಇಲ್ಲ. ಮೊದಲು ದಿಬ್ಬದ ಮರಳು ತನ್ನಿ ಅಂದರು. ದಸರಾ ರಜೆಯಲ್ಲಿ ಅನುಮತಿ ಪತ್ರ ಹಿಡಿದುಕೊಂಡು ದಿಬ್ಬ ಹತ್ತಿದೆವು. ಮೇಲಿನ ಪುಡಿ ಬಾಚಿಕೊಂಡು ಬಂದರೆ ಆಗುವುದಿಲ್ಲ. ಅದು ಮಳೆ ತೊಳೆದ ಪುಡಿ. ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ ತೆಗೆಯಬೇಕು. ತೆಗೆದದ್ದನ್ನು ರಾಶಿ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಮತ್ತೆ ಬೆರೆಸಬೇಕು, ಮತ್ತೆ ಭಾಗ ಮಾಡಬೇಕು. ಹಾಗೆ ಉಳಿದ ಒಂದು ಚೀಲ ಪುಡಿಯನ್ನು ರಾತ್ರಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಘಟ್ಟ ಇಳಿದೆವು.

ಆಮೇಲೆ ಜರಡಿ. ಒಂದರ ಕೆಳಗೊಂದು ಹಿತ್ತಾಳೆಯ ಜರಡಿಗಳು. 200 ಮೆಶ್ ಜರಡಿಯ ತೂತು 75 ಮೈಕ್ರಾನ್, ಅಂದರೆ ಕೂದಲೆಳೆಯ ದಪ್ಪದಷ್ಟು. ನೀರು ಹಾಕಿ ಜರಡಿ ಹಿಡಿಯುವುದು, ಒಣಗಿಸುವುದು, ತೂಗುವುದು. ಇಷ್ಟಕ್ಕೇ ವಾರಗಟ್ಟಲೆ ಹಿಡಿಯಿತು.

ಕೊನೆಗೂ ಕೋಡ್ ಬರೆಯಲು ಕೂತೆವು. ಲೆಕ್ಕದ ತಿರುಳು ಸುಲಭ. ಬಿಸಿಲಿಗಿಟ್ಟ ಬೆರಣಿ ಹೇಗೆ ಒಣಗುತ್ತದೆ? ಹೊರಗಿನಿಂದ ಶುರುವಾಗಿ ಒಣಗಿದ ಪದರ ಒಳಕ್ಕೆ ಹೋಗುತ್ತದೆ, ನಡುವಿನ ಹಸಿ ಭಾಗ ಸಣ್ಣದಾಗುತ್ತಾ ಬರುತ್ತದೆ. ಮರಳಿನ ಕಾಳಿನಲ್ಲಿ ಚಿನ್ನ ಕರಗುವುದನ್ನೂ ಹಾಗೇ ಲೆಕ್ಕ ಹಾಕಬಹುದು. ಸೈನೈಡ್ ನೀರು ಸಣ್ಣ ಬಿರುಕುಗಳಲ್ಲಿ ಒಳಗೆ ಇಳಿಯಬೇಕು, ಚಿನ್ನ ಹಿಡಿದುಕೊಂಡು ಅದೇ ದಾರಿಯಲ್ಲಿ ಹೊರಗೆ ಬರಬೇಕು. ಸೈನೈಡ್ ಒಂದೇ ಸಾಲದು, ಆಮ್ಲಜನಕವೂ ಬೇಕು. ಸುಮ್ನೆ ಗಾಳಿಗಿಟ್ಟ ನೀರಿನಲ್ಲಿ ಅದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಅಷ್ಟೇ ಇರುತ್ತದೆ. ಸೈನೈಡ್ ಎಷ್ಟು ಸುರಿದರೂ ಗಾಳಿ ಸಾಲದಿದ್ದರೆ ಕೆಲಸ ನಿಧಾನ. ಇದನ್ನೆಲ್ಲ ಸಿ ಭಾಷೆಯಲ್ಲಿ ಬರೆದೆವು. ಮೊದಲ ಸಲ ಓಡಿಸಿದಾಗ ನಡುವಿನ ತಿರುಳಿನ ಗಾತ್ರ ಸೊನ್ನೆಗಿಂತ ಕೆಳಗೆ ಹೋಯಿತು. ಲೆಕ್ಕದ ಒಂದೊಂದು ಹೆಜ್ಜೆಗೆ ಇಟ್ಟ ಸಮಯ ಜಾಸ್ತಿಯಾಗಿತ್ತು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಬೆಳಗಾಗಿತ್ತು.

ಸರಿಯಾದ ಮೇಲೆ, ಎಷ್ಟು ಹೊತ್ತಿಗೆ ಎಷ್ಟು ಚಿನ್ನ ಕರಗಿತು ಅಂತ ತೋರಿಸುವ ಚಂದದ ಗೆರೆ ಪರದೆಯ ಮೇಲೆ ಬಂತು. ಒಂದೇ ರಾತ್ರಿಯಲ್ಲಿ ನೂರಕ್ಕೆ ನೂರು ಚಿನ್ನ ಕರಗಿಬಿಡುತ್ತದೆ! ಪ್ರಿಂಟ್ ತೆಗೆದುಕೊಂಡು ಓಡಿದೆವು.

ಮೇಷ್ಟ್ರು ಪಕ್ಕದ ಲ್ಯಾಬಿಗೆ ಕರೆದುಕೊಂಡು ಹೋದರು. ಸೈನೈಡ್ ಮುಟ್ಟಲು ನಮಗೆ ಅನುಮತಿ ಇರಲಿಲ್ಲ. ಪಿಎಚ್‌ಡಿ ಮಾಡುತ್ತಿದ್ದ ಅಕ್ಕ ಒಬ್ಬರು ನಮ್ಮದೇ ಮರಳನ್ನು ಬಾಟಲಿಗೆ ಹಾಕಿ ರೋಲರ್ ಮೇಲೆ ಉರುಳಿಸುತ್ತಿದ್ದರು. ಸುಣ್ಣ ಹಾಕಿ ಪಿಎಚ್ 10ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತಿದ್ದರು. ಇಳಿದರೆ ವಿಷದ ಗಾಳಿ ಏಳುತ್ತದೆ. ಅವರ ನೋಟ್‌ಬುಕ್ಕಿನ ಗೆರೆ ನಮ್ಮದಕ್ಕೆ ಹೋಲುತ್ತಲೇ ಇರಲಿಲ್ಲ. ಮೊದಲು ಜೋರಾಗಿ ಏರಿ, ಆಮೇಲೆ ತೆವಳುತ್ತಾ ಸಾಗಿ, ಎರಡು ದಿನವಾದರೂ ಮೇಲಕ್ಕೆ ಮುಟ್ಟದೆ ನಿಂತಿತ್ತು.

"ಕಾಳಿನ ಗಾತ್ರ ಎಷ್ಟು ಹಾಕಿದ್ದಿ?" ಅಂದರು.

"ಸರಾಸರಿ ತೆಗೆದು ಹಾಕಿದ್ದೀವಿ ಸರ್."

"ಹುರುಳಿ ಮತ್ತು ಕಡ್ಲೆ ಒಂದೇ ಪಾತ್ರೆಯಲ್ಲಿ ಬೇಯಲಿಕ್ಕೆ ಇಟ್ಟು, ಸರಾಸರಿ ಕಾಳು ಎಷ್ಟು ಹೊತ್ತಿಗೆ ಬೇಯುತ್ತದೆ ಅಂತ ನಿನ್ನ ಅಮ್ಮನ ಹತ್ತಿರ ಕೇಳಿ ನೋಡು ಮಾರಾಯ."

ಅಷ್ಟು ದಿನ ಕೈ ನೋಯುವಂತೆ ಜರಡಿ ಹಿಡಿದದ್ದು ಯಾಕೆ ಅಂತ ಆಗ ಗೊತ್ತಾಯಿತು. ದ್ರವ ಒಳಗೆ ಇಳಿಯುವುದೇ ನಿಧಾನದ ಕೆಲಸವಾಗಿದ್ದರೆ, ಎರಡು ಪಟ್ಟು ದಪ್ಪದ ಕಾಳಿಗೆ ನಾಲ್ಕು ಪಟ್ಟು ಸಮಯ ಬೇಕು. ಸಣ್ಣ ಕಾಳುಗಳು ಮೊದಲ ಕೆಲವು ಗಂಟೆಗಳಲ್ಲೇ ಕೆಲಸ ಮುಗಿಸುತ್ತವೆ. ದಪ್ಪ ಕಾಳುಗಳು ಆ ಉದ್ದನೆಯ ಬಾಲ ಎಳೆಯುತ್ತವೆ. ಜರಡಿಯ ಒಂದೊಂದು ತೂಕವನ್ನೂ ಕೋಡಿಗೆ ಬೇರೆಬೇರೆಯಾಗಿ ಕೊಟ್ಟೆವು. ಗೆರೆ ಬಾಗಿತು. ಬಾಟಲಿಯ ಗೆರೆಯಂತೆಯೇ ತೆವಳಿತು. ಆ ರಾತ್ರಿ ನಾವಿಬ್ಬರೂ ಹಾಸ್ಟೆಲ್ಲಿಗೆ ಮಳೆಯಲ್ಲಿ ನೆನೆದುಕೊಂಡೇ ಹೋದೆವು, ಅಷ್ಟು ಖುಷಿ.

ಆದರೂ ನಮ್ಮದು ಕೊನೆಗೆ ನೂರು ಮುಟ್ಟುತ್ತಿತ್ತು, ಬಾಟಲಿಯದು ಮುಟ್ಟುತ್ತಿರಲಿಲ್ಲ. ನಾನು ಏನೋ ಒಂದು ಸಂಖ್ಯೆ ತಿದ್ದಿ ಎರಡನ್ನೂ ಕೂಡಿಸೋಣ ಅಂದೆ. ಮೇಷ್ಟ್ರು ಬಿಡಲಿಲ್ಲ. ಹೊಂದದೆ ಉಳಿದ ಆ ಜಾಗವೇ ಮರಳು ಹೇಳುತ್ತಿರುವ ಮಾತು, ಅದನ್ನು ಮುಚ್ಚಬೇಡ ಅಂದರು. ಅರ್ಧ ಮರಳನ್ನು ಇನ್ನಷ್ಟು ಸಣ್ಣಗೆ ಅರೆಸಿ ಮತ್ತೆ ಬಾಟಲಿಗೆ ಹಾಕಿಸಿದರು. ಈ ಸಲ ಗೆರೆ ಮೊದಲಿಗಿಂತ ಮೇಲೆ ಹೋಗಿ ನಿಂತಿತು. ಅಂದರೆ ಸ್ವಲ್ಪ ಚಿನ್ನ ಬೆಣಚುಕಲ್ಲಿನ ಒಳಗೆ ನೀರಿಗೆ ಸಿಗದಂತೆ ಸಿಕ್ಕಿಕೊಂಡಿತ್ತು. ಎಷ್ಟು ದಿನ ನೆನೆಸಿಟ್ಟರೂ ಅದು ಕರಗುವುದಿಲ್ಲ. ಕಲ್ಲನ್ನೇ ಒಡೆಯಬೇಕು.

ಒಡೆಯಲು ಕರೆಂಟು ಬೇಕು. ಬಾಂಡ್ ಎಂಬಾತ 1952ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ದಪ್ಪ ಕಲ್ಲನ್ನು 100 ಮೈಕ್ರಾನ್‌ಗೆ ಅರೆಯುವ ಬದಲು 25ಕ್ಕೆ ಅರೆದರೆ ಕರೆಂಟು ಸುಮಾರು ಎರಡು ಪಟ್ಟು. ಇತ್ತ ಕರಗುವ ಸಮಯ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು? ಇದು ಬಾಟಲಿ ಉರುಳಿಸಿ ಹುಡುಕುವ ಪ್ರಶ್ನೆಯಲ್ಲ. ನೂರಾರು ಸಲ ಅರೆದು, ನೂರಾರು ಸಲ ಕರಗಿಸಿ ನೋಡಬೇಕು. ಅಲ್ಲಿ ಕಂಪ್ಯೂಟರ್ ನಿಜವಾಗಿ ಕೆಲಸಕ್ಕೆ ಬಂತು. ಒಂದೇ ಮಧ್ಯಾಹ್ನದಲ್ಲಿ ಅಷ್ಟನ್ನೂ ಮಾಡಿ ತೋರಿಸಿತು. ಇವತ್ತಿಗೂ ಸಿಮ್ಯುಲೇಷನ್ ಬಗ್ಗೆ ನನಗಿರುವ ಪ್ರೀತಿ ಆ ಮಧ್ಯಾಹ್ನದ್ದು.

ವೈವಾ ದಿನ ಎಲ್ಲ ತೋರಿಸಿ ಮುಗಿಸಿದೆವು. ಮೇಷ್ಟ್ರು ಕೊನೆಯಲ್ಲಿ ಒಂದೇ ಮಾತು ಕೇಳಿದರು. "ಚಿನ್ನ ತೆಗೆದಿ. ಒಂದು ಟನ್ನಿಂದ ಒಂದು ಗ್ರಾಂ ಕೂಡ ಕಡಿಮೆ ಆಗಲಿಲ್ಲ. ಉಳಿದ ಟನ್ ಎಲ್ಲಿಗೆ?" ನಮ್ಮ ಕೋಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನಾನೀಗ ಹಳೆಯ ಮೊಬೈಲ್, ಕಂಪ್ಯೂಟರ್ ಬೋರ್ಡುಗಳನ್ನು ಪುಡಿಮಾಡಿ ತಾಮ್ರ, ಚಿನ್ನ ಬೇರ್ಪಡಿಸುವ ಕೆಲಸದಲ್ಲಿದ್ದೇನೆ. ಅಲ್ಲಿ ಟನ್ನಿಗೆ ನೂರಾರು ಗ್ರಾಂ ಚಿನ್ನ ಸಿಗುತ್ತದೆ. ಕಂಡಾಲ್ ಮತ್ತು ಸ್ಟ್ರ್ಯಾಕ್ 1979ರಲ್ಲಿ ಮಣ್ಣಿನ ಕಾಳುಗಳಿಗಾಗಿ ಕೊಟ್ಟ ವಿಧಾನದಲ್ಲಿ, ಒಂದೊಂದು ಚೂರೂ ಇನ್ನೊಂದಕ್ಕೆ ಬಡಿಯುವುದನ್ನು ಲೆಕ್ಕ ಹಾಕುತ್ತೇವೆ. ಲಕ್ಷಗಟ್ಟಲೆ ಚೂರುಗಳು ಪರದೆಯ ಮೇಲೆ ಕುಣಿಯುತ್ತವೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಜರಡಿ ಕೊಡುತ್ತೇನೆ. ಲೆಕ್ಕದ ಕೊನೆಯ ಸಾಲಿನಲ್ಲಿ ಗಾಜಿನ ನಾರು, ಪ್ಲಾಸ್ಟಿಕ್ಕು, ಧೂಳು ಎಷ್ಟು, ಎಲ್ಲಿಗೆ ಹೋಗುತ್ತದೆ ಅಂತ ಬರೆಸುತ್ತೇನೆ.

2024ರ ಜೂನ್‌ನಲ್ಲಿ ಕೆ.ಜಿ.ಎಫ್‌ನ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪೇಪರ್ ನೋಡಿದ ದಿನವೇ ಮೇಷ್ಟ್ರು ಫೋನ್ ಮಾಡಿದರು. ನಿವೃತ್ತರಾಗಿ ಎಷ್ಟೋ ವರ್ಷ, ದನಿ ಸ್ವಲ್ಪ ಕುಗ್ಗಿದೆ.

"ಎಷ್ಟು ಸಣ್ಣ ಅರೆಯುತ್ತಾರಂತೆ ಮಾರಾಯ?" ಅಂದರು. "ಸಣ್ಣ ಅರೆದಷ್ಟು ಚಿನ್ನ ಜಾಸ್ತಿ, ಸರಿ. ಆದರೆ ಆ ಪುಡಿ ಮೊದಲಿನದಕ್ಕಿಂತ ಹಗುರ. ಒದ್ದೆಯಾಗಿ ಇಡಬೇಕು, ಇಲ್ಲಾ ಮೇಲೆ ಮಣ್ಣು ಮುಚ್ಚಿ ಗಿಡ ಬೆಳೆಸಬೇಕು. ಅದನ್ನು ಯಾರಾದರೂ ಲೆಕ್ಕ ಹಾಕಿದ್ದಾರಾ ಕೇಳು."

ಆ ವಾರವೇ ನಮ್ಮ ಹಳೆಯ ಕೋಡ್ ಹುಡುಕಿ ತೆಗೆದೆ. ಗಾಳಿಗೆ ಯಾವ ಗಾತ್ರದ ಕಾಳು ಏಳುತ್ತದೆ ಅನ್ನುವ ಭಾಗವನ್ನು ಈಗ ಸೇರಿಸುತ್ತಿದ್ದೇನೆ. ನಮ್ಮೂರಿನ ಗಾಳಿಯ ವೇಗ ಬೇಕು, ತಿಂಗಳು ತಿಂಗಳಿನದು. ಅಮ್ಮನಿಗೆ ಫೋನ್ ಮಾಡಿ, ಬಟ್ಟೆ ಒಳಗೆ ಹಾಕಲು ಶುರು ಮಾಡುವುದು ಯಾವಾಗ, ಮತ್ತೆ ಹೊರಗೆ ಹಾಕುವುದು ಯಾವಾಗ ಅಂತ ಕೇಳಿ ಬರೆದುಕೊಂಡೆ.