ಗಡಿಯಾರ ತಿರುಗಿಸಬೇಡಿ, ಪಟ್ಟಿ ಬದಲಾಯಿಸಿ

ಯಾವುದಾದರೂ ದೇಶ ತನ್ನ ಸಮಯವನ್ನು ಬದಲಾಯಿಸಿದಾಗಲೆಲ್ಲ ಸರ್ವರ್ ನೋಡಿಕೊಳ್ಳುವವರಿಗೆ ಒಂದೇ ಪ್ರಶ್ನೆ ಬರುತ್ತದೆ. "ಕಂಪ್ಯೂಟರ್ ಒಂದು ಗಂಟೆ ತಪ್ಪು ತೋರಿಸ್ತಿದೆ, ಸೆಟ್ಟಿಂಗ್ಸ್‌ಗೆ ಹೋಗಿ ಕೈಯಲ್ಲೇ ಸರಿ ಮಾಡ್ಲಾ?"

ಬೇಡ. ದಯವಿಟ್ಟು ಬೇಡ.

ಯಾಕೆ ಅಂತ ಹೇಳ್ತೀನಿ. ಆಪರೇಟಿಂಗ್ ಸಿಸ್ಟಂ ಒಳಗೊಳಗೆ ಲೆಕ್ಕ ಇಡುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಅದಕ್ಕೆ ಯಾವ ದೇಶದ ಹಂಗೂ ಇಲ್ಲ. ಪರದೆಯ ಮೇಲೆ ನಮಗೆ ಕಾಣುವ ಸಮಯ, ಅದಕ್ಕೆ ಇಷ್ಟು ಗಂಟೆ ಕೂಡಿಸಿ ಅಥವಾ ಕಳೆದು ತೋರಿಸಿದ್ದು ಅಷ್ಟೇ. ಯಾವ ಊರಿಗೆ ಯಾವ ದಿನದಿಂದ ಎಷ್ಟು ಕೂಡಿಸಬೇಕು ಅನ್ನುವುದು ಒಂದು ಪಟ್ಟಿಯಲ್ಲಿರುತ್ತದೆ. ದೇಶ ನಿಯಮ ಬದಲಾಯಿಸಿದಾಗ ಹಳತಾಗುವುದು ಆ ಪಟ್ಟಿ. ಗಡಿಯಾರ ಸರಿಯಾಗಿಯೇ ಇರುತ್ತದೆ.

ಈಗ ನೀವು ಗಡಿಯಾರವನ್ನೇ ಒಂದು ಗಂಟೆ ಸರಿಸಿದಿರಿ ಅಂದುಕೊಳ್ಳಿ. ಒಳಗಿನ ಯುಟಿಸಿ ತಪ್ಪಾಯಿತು. ಏನು ಯಾವಾಗ ಆಯಿತು ಎಂದು ಬರೆದಿಡುವ ಲಾಗ್‌ಗಳ ಕ್ರಮ ಕೆಡುತ್ತದೆ, ಕಳಿಸಿದ ಮೇಲ್ ಒಂದು ಗಂಟೆ ಆಚೀಚೆ ಕಾಣುತ್ತದೆ. ಕಚೇರಿಯ ನೆಟ್‌ವರ್ಕ್‌ಗಳಲ್ಲಿ ಲಾಗಿನ್‌ಗೆ ಬಳಸುವ ಕರ್ಬೆರೋಸ್, ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸರ್ವರ್‌ನ ಗಡಿಯಾರಕ್ಕೂ ನಿಮ್ಮದಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಒಳಗೇ ಬಿಡುವುದಿಲ್ಲ. ನೆಟ್‌ವರ್ಕ್ ಮೂಲಕ ಗಡಿಯಾರವನ್ನು ಸರಿಯಾಗಿಡುವ ಎನ್‌ಟಿಪಿ ಆನ್ ಇದ್ದರೆ ಅದು ಬಂದು ಗಡಿಯಾರವನ್ನು ಮತ್ತೆ ಮೊದಲಿನ ಜಾಗಕ್ಕೇ ತಂದಿಡುತ್ತದೆ. ಅಂದಹಾಗೆ, ಎನ್‌ಟಿಪಿ ಇದ್ದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ನಂಬಿದವರು ತುಂಬಾ ಜನ ಇದ್ದಾರೆ. ಅದು ತರುವುದು ಬರೀ ಯುಟಿಸಿ. ಬೇರೆ ದೇಶದ ಸರ್ಕಾರ ನಿನ್ನೆ ಏನು ತೀರ್ಮಾನ ಮಾಡಿತು ಅನ್ನುವುದು ಅದಕ್ಕೆ ಗೊತ್ತಿಲ್ಲ.

ಆ ಪಟ್ಟಿಯನ್ನು ಯಾರು ಬರೆಯುತ್ತಾರೆ? ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರ ಮೂಲ ಒಂದೇ, ಟಿಜೆಡ್‌ಡೇಟಾ. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದ್ದು ಇದು. 2011ರಿಂದ ಇಂಟರ್ನೆಟ್‌ನ ವಿಳಾಸ, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆ ಇದನ್ನು ಹಂಚುತ್ತಿದೆ, ಪಾಲ್ ಎಗರ್ಟ್ ಮುಂದೆ ನಿಂತು ನಡೆಸುತ್ತಿದ್ದಾರೆ. ಸ್ವಯಂಸೇವಕರು ಒಂದೊಂದು ದೇಶದ ಆದೇಶವನ್ನೂ ಹುಡುಕಿ ಓದಿ ಇದನ್ನು ತಿದ್ದುತ್ತಾರೆ. ಇಡೀ ಜಗತ್ತಿನ ಕ್ಯಾಲೆಂಡರ್‌ಗಳು ಇಂಥ ಕೆಲವರ ಶ್ರದ್ಧೆಯ ಮೇಲೆ ನಿಂತಿವೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಬರುತ್ತದೆ. ವಿಂಡೋಸ್ ಮಾತ್ರ ತನ್ನದೇ ಪಟ್ಟಿಯನ್ನು ರಿಜಿಸ್ಟ್ರಿ ಎಂಬ ತನ್ನ ಸೆಟ್ಟಿಂಗ್‌ಗಳ ಕಣಜದಲ್ಲಿ ಇಟ್ಟುಕೊಂಡಿದೆ, ವಿಂಡೋಸ್ ಅಪ್‌ಡೇಟ್ ಮೂಲಕ ಅದನ್ನು ಬದಲಾಯಿಸುತ್ತದೆ.

ಕಷ್ಟ ಬರುವುದು ಸರ್ಕಾರಗಳು ಕೊನೇ ಗಳಿಗೆಯಲ್ಲಿ ಹೇಳಿದಾಗ. ಬೇಸಿಗೆ ಸಮಯ ಅಂದರೆ ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದು; ಅದರ ದಿನಾಂಕ ಬದಲಾಯಿಸಲು ಅಮೆರಿಕ 2005ರಲ್ಲಿ ಕಾನೂನು ಮಾಡಿ 2007ರಲ್ಲಿ ಜಾರಿಗೆ ತಂದಿತು, ಅಷ್ಟು ಸಮಯ ಸಿಕ್ಕರೂ ಕೆಲಸ ಸಣ್ಣದೇನೂ ಆಗಿರಲಿಲ್ಲ. ಮೊರಾಕೊ 2018ರಲ್ಲಿ ತನ್ನ ನಿಯಮ ಬದಲಾಯಿಸಿದಾಗ ಕೊಟ್ಟಿದ್ದು ಎರಡೇ ದಿನ. ಲೆಬನಾನ್ ಕಥೆ ಇನ್ನೂ ಕಷ್ಟದ್ದು. 2023ರ ಮಾರ್ಚ್ 25ರ ರಾತ್ರಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಬೇಕಿತ್ತು. ರಂಜಾನ್ ಮುಗಿಯುವವರೆಗೆ ಬೇಡ ಎಂದು ಸರ್ಕಾರ ಹೇಳಿದ್ದು 23ರಂದು. ಟಿಜೆಡ್‌ಡೇಟಾದವರು ಅದೇ ದಿನ 2023ಬಿ ಎಂಬ ಆವೃತ್ತಿ ಬಿಟ್ಟರು, ಆದರೆ ಅದು ಎರಡು ದಿನದಲ್ಲಿ ಎಷ್ಟು ಫೋನ್‌ಗಳನ್ನು ಮುಟ್ಟೀತು? ಮೊಬೈಲ್ ಕಂಪನಿಗಳು ಸಮಯವನ್ನು ಕೈಯಲ್ಲೇ ಹೊಂದಿಸಿಕೊಳ್ಳಿ ಎಂದು ಜನರಿಗೆ ಹೇಳಬೇಕಾಯಿತು. ಅಲ್ಲಿನ ಕ್ರೈಸ್ತರ ಮ್ಯಾರೊನೈಟ್ ಚರ್ಚ್ ಮತ್ತು ಕೆಲವು ಟಿವಿ ಚಾನೆಲ್‌ಗಳು ಆದೇಶ ಒಪ್ಪದೆ ಗಡಿಯಾರ ಮುಂದೆ ಇಟ್ಟವು, ಒಂದೇ ದೇಶದಲ್ಲಿ ಎರಡು ಸಮಯ ಓಡಿತು. 27ರಂದು ಸರ್ಕಾರ ಮಾತು ಹಿಂತೆಗೆದುಕೊಂಡಿತು, 28ರಂದು ಹಳೆಯ ನಿಯಮಕ್ಕೇ ಮರಳಿದ 2023ಸಿ ಬಂತು. ಚುರುಕಾಗಿ ಅಪ್‌ಡೇಟ್ ಮಾಡಿಕೊಂಡವರು ಮತ್ತೆ ಅಪ್‌ಡೇಟ್ ಮಾಡಬೇಕಾಯಿತು. ಇದರಲ್ಲಿ ಅವರ ತಪ್ಪೇನಿತ್ತು ಹೇಳಿ?

ಇನ್ನು ಮುಖ್ಯವಾದ ವಿಷಯ. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಯಾಕೆಂದರೆ ಒಂದೇ ಮೆಷಿನ್‌ನಲ್ಲಿ ಈ ಪಟ್ಟಿಯ ನಾಲ್ಕಾರು ಪ್ರತಿಗಳು ಇರಬಹುದು. ಪ್ರೋಗ್ರಾಮಿಂಗ್ ಭಾಷೆಯಾದ ಜಾವಾ ತನ್ನದೇ ಪ್ರತಿ ಹೊತ್ತುಕೊಂಡು ಬರುತ್ತದೆ, ಅದಕ್ಕೆ ಟಿಜೆಡ್‌ಅಪ್‌ಡೇಟರ್ ಎಂಬ ಬೇರೆಯೇ ಟೂಲ್ ಇದೆ. ಇನ್ನೊಂದು ಭಾಷೆ ಪಿಎಚ್‌ಪಿಯೊಳಗೆ ಒಂದು, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅನ್ನು ಹೇಗೆ ಬಿಲ್ಡ್ ಮಾಡಿದ್ದಾರೆ ಅನ್ನುವುದರ ಮೇಲೆ ಅದರಲ್ಲಿ ಇನ್ನೊಂದು. ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ ಫೈಲ್‌ಗಳ ಜೊತೆ ಪ್ರತ್ಯೇಕವಾಗಿ ಓಡಿಸುವ ಕಂಟೇನರ್ ಇದ್ದರೆ, ಅದು ಓಡುವ ಮೆಷಿನ್‌ಗೆ ಮಾಡಿದ ಅಪ್‌ಡೇಟ್ ಅದರೊಳಕ್ಕೆ ತಾನಾಗಿಯೇ ಹೋಗುವುದಿಲ್ಲ, ಕಂಟೇನರ್‌ನ ಮೂಲ ಅಚ್ಚಾದ ಇಮೇಜ್ ಹೊಸದಾಗಿ ಬಿಲ್ಡ್ ಮಾಡಬೇಕು. ಸಾಲದ್ದಕ್ಕೆ, ಓಡುತ್ತಿರುವ ಎಷ್ಟೋ ಪ್ರೋಗ್ರಾಂಗಳು ಶುರುವಾದಾಗ ಓದಿದ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತವೆ. ಹಾಗಾಗಿ ಅಪ್‌ಡೇಟ್ ಆದಮೇಲೆ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್, ಡೇಟಾಬೇಸ್, ಅಪ್ಲಿಕೇಶನ್ ಎಲ್ಲವನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ. ಲಿನಕ್ಸ್‌ನಲ್ಲಿ ಝಡ್‌ಡಂಪ್ ಎಂಬ ಕಮಾಂಡ್ ಓಡಿಸಿದರೆ ಸಿಸ್ಟಂನ ಪಟ್ಟಿಗೆ ಹೊಸ ನಿಯಮ ಬಂದಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಪ್ರೋಗ್ರಾಂ ಬರೆಯುವವರಿಗೂ ಒಂದು ಮಾತು. ಜೋರ್ಡಾನ್ 2022ರ ಅಕ್ಟೋಬರ್‌ನಲ್ಲಿ ಇನ್ನು ವರ್ಷವಿಡೀ ಬೇಸಿಗೆ ಸಮಯವೇ ಎಂದು ತೀರ್ಮಾನಿಸಿತು. ಗಡಿಯಾರ ಹಿಂದೆ ಹೋಗಬೇಕಿದ್ದದ್ದು ಅದೇ ತಿಂಗಳ 28ಕ್ಕೆ. ಸೆಪ್ಟೆಂಬರ್‌ನಲ್ಲೇ ಯಾರೋ ಜೋರ್ಡಾನ್ ರಾಜಧಾನಿ ಅಮ್ಮಾನ್‌ನಲ್ಲಿ ಡಿಸೆಂಬರ್‌ನ ಒಂದು ಬೆಳಿಗ್ಗೆ 10 ಗಂಟೆಗೆ ಅಪಾಯಿಂಟ್‌ಮೆಂಟ್ ಹಾಕಿದ್ದರು ಅಂದುಕೊಳ್ಳಿ. ನಿಮ್ಮ ಪ್ರೋಗ್ರಾಂ ಅದನ್ನು ಯುಟಿಸಿ 8 ಗಂಟೆ ಎಂದು ಬರೆದಿಟ್ಟಿದ್ದರೆ, ಹೊಸ ಪಟ್ಟಿ ಬಂದಮೇಲೆ ಅದು 11 ಎಂದು ತೋರಿಸುತ್ತದೆ. ಆಗಿಹೋದದ್ದಕ್ಕೆ ಯುಟಿಸಿ ಸರಿ. ಮುಂದೆ ಆಗಬೇಕಾದ್ದಕ್ಕೆ ಅಲ್ಲಿನ ಸಮಯ ಮತ್ತು ಊರಿನ ಸಮಯ ವಲಯ ಎರಡನ್ನೂ ಬರೆದಿಡಿ.

ಅಪ್‌ಡೇಟ್ ಇನ್ನೂ ಬಂದಿಲ್ಲ, ಸಮಯ ಮಾತ್ರ ಬದಲಾಗಿಬಿಟ್ಟಿದೆ ಅಂದರೆ? ಆಗಲೂ ಗಡಿಯಾರ ಮುಟ್ಟಬೇಡಿ. ಯುಟಿಸಿಗೆ ಹೊಸ ಸಮಯದಷ್ಟೇ ವ್ಯತ್ಯಾಸ ಇರುವ ಬೇರೆ ವಲಯವನ್ನು ಸದ್ಯಕ್ಕೆ ಆರಿಸಿಕೊಳ್ಳಿ. ಜೋರ್ಡಾನ್‌ನವರು ಸೌದಿ ಅರೇಬಿಯಾದ ರಿಯಾದ್ ಆರಿಸಿಕೊಂಡಿದ್ದರೆ ಆ ದಿನದ ಮಟ್ಟಿಗೆ ಸಾಕಾಗುತ್ತಿತ್ತು. ಆದರೆ ಅಪ್‌ಡೇಟ್ ಬಂದ ಕೂಡಲೇ ಅಮ್ಮಾನ್‌ಗೆ ಮರಳಬೇಕು. ಸುಮ್ನೆ ಹಾಗೇ ಬಿಟ್ಟರೆ ಹಿಂದಿನ ಚಳಿಗಾಲಗಳ ದಾಖಲೆಗಳೆಲ್ಲ ಒಂದು ಗಂಟೆ ಮುಂದೆ ಕಾಣುತ್ತವೆ.