ಬೈಕಿಗೆ ಜಿಪಿಎಸ್ ತಗೊಳ್ಳುವ ಮುಂಚೆ ನಮ್ಮ ಎರೆ ಮಣ್ಣು ನೆನಪಿರಲಿ

ಹುಬ್ಬಳ್ಳಿ-ಧಾರವಾಡದ ಬೈಕ್ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗಾಡಿಗೆ ಬೇರೆ ಜಿಪಿಎಸ್ ಬೇಕಾ, ಫೋನ್ ಸಾಕಾ, ತಗೊಂಡರೆ ಯಾವುದು? ಎಲ್ಲರೂ ಮೊದಲು ಸ್ಕ್ರೀನ್ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ಒಳಗಿನ ನಕ್ಷೆ. ಅದು ಯಾರದು, ತಪ್ಪಿದ್ದರೆ ನಾವು ತಿದ್ದಬಹುದಾ, ನಮಗೆ ಬೇಕಾದ ನಕ್ಷೆ ಹಾಕಿಕೊಳ್ಳಬಹುದಾ? ಉಳಿದದ್ದೆಲ್ಲ ಆಮೇಲೆ.

ಯಾಕೆ ಅಂದರೆ, ಹುಬ್ಬಳ್ಳಿಯಿಂದ ಗದಗಕ್ಕೆ ಹೆದ್ದಾರಿ ಹಿಡಿದು ಹೋಗುವವರಿಗೆ ಯಾವ ಯಂತ್ರವೂ ಬೇಡ, ರಸ್ತೆ ಬದಿಯ ಬೋರ್ಡ್ ಸಾಕು. ತೊಂದರೆ ಶುರುವಾಗುವುದು ನವಲಗುಂದ, ನರಗುಂದ, ರೋಣದ ಕಡೆ ಒಳದಾರಿ ಹಿಡಿದಾಗ. ಅಲ್ಲೆಲ್ಲ ಎರೆ ಭೂಮಿ. ಬೇಸಿಗೆಯಲ್ಲಿ ಹೊಲದ ದಾರಿ ಗಟ್ಟಿಯಾಗಿ ಚೆನ್ನಾಗಿಯೇ ಇರುತ್ತದೆ. ಒಂದು ದೊಡ್ಡ ಮಳೆ ಬಿತ್ತು ಅನ್ನಿ, ಮಣ್ಣು ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡ್ ಒಳಗೆ ತುಂಬಿಕೊಂಡು, ಗಾಲಿ ತಿರುಗುವುದೇ ನಿಂತುಬಿಡುತ್ತದೆ, ಕಟ್ಟಿಗೆ ಹಿಡಿದು ಕೆರೆದು ತೆಗೆದರೂ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ನಕ್ಷೆಗೆ ಇದು ಗೊತ್ತಿಲ್ಲ. ಡಾಂಬರ್ ರಸ್ತೆ ಸುತ್ತು, ಹೊಲದ ದಾರಿ ನೇರ, ಅದಕ್ಕೇ ಹೊಲದೊಳಗೆ ಕಳಿಸುತ್ತದೆ. ಇನ್ನು ಬೆಣ್ಣಿಹಳ್ಳ ತುಂಬಿ ರಸ್ತೆ ಮೇಲೆ ನೀರು ಬಂದಿದೆ ಅನ್ನುವುದನ್ನ ಊರಿನವರನ್ನ ಕೇಳಿಯೇ ಮುಂದೆ ಹೋಗಬೇಕು. ಅಲ್ಲಿ ಯಂತ್ರವನ್ನ ನಂಬಬೇಡಿ.

ಬಹಳಷ್ಟು ಜಿಪಿಎಸ್‌ಗಳಲ್ಲಿ ಕಚ್ಚಾ ರಸ್ತೆ ಬೇಡ ಅನ್ನುವ ಸೆಟ್ಟಿಂಗ್ ಇರುತ್ತದೆ. ಗಾರ್ಮಿನ್ ಕಂಪನಿಯ ಬೈಕ್ ಜಿಪಿಎಸ್ ಜೂಮೋ ಎಕ್ಸ್‌ಟಿಯಲ್ಲಿ ಇದೆ, ಫೋನಿನಲ್ಲಿ ದಾರಿ ತೋರಿಸುವ ಓಸ್ಮ್ಯಾಂಡ್ ಆ್ಯಪ್‌ನಲ್ಲೂ ಇದೆ. ಅದನ್ನ ಆನ್ ಮಾಡಿದರೆ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಆ ದಾರಿ ಕಚ್ಚಾ ಅಂತ ನಕ್ಷೆಯಲ್ಲಿ ಯಾರಾದರೂ ಗುರುತು ಹಾಕಿದ್ದರೆ ಮಾತ್ರ ಸೆಟ್ಟಿಂಗ್ ಕೆಲಸ ಮಾಡುತ್ತದೆ, ಇಲ್ಲ ಅಂದರೆ ಅದರ ಪಾಲಿಗೆ ಹೊಲದ ದಾರಿಯೂ ರಸ್ತೆಯೇ. ಅದಕ್ಕೇ ನಾನು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆಯ ಪರ. ಅದನ್ನ ಯಾರು ಬೇಕಾದರೂ ತಿದ್ದಬಹುದು. ಫೋನಿನಲ್ಲಿ ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ ಅದೇ ನಕ್ಷೆಯ ಮೇಲೆ ನಡೆಯುತ್ತವೆ, ಗಾರ್ಮಿನ್ ಯಂತ್ರಗಳಿಗೂ ಅದನ್ನ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ವಿದೇಶದಿಂದ ಯಾರಾದರೂ ಜಿಪಿಎಸ್ ತಂದುಕೊಡುತ್ತಾರೆ ಅಂದರೆ ಅದರಲ್ಲಿ ಭಾರತದ ನಕ್ಷೆ ಇದೆಯಾ ಅಂತ ಮೊದಲೇ ನೋಡಿ. ಆ ದೇಶದ ನಕ್ಷೆಯಷ್ಟೇ ಇರಬಹುದು.

ಫೋನ್ ಸಾಕಾ ಅನ್ನುವುದಕ್ಕೆ ನನ್ನ ಉತ್ತರ: ದಿನ ಬಳಸುವ ಫೋನ್ ಬೇಡ. ಹ್ಯಾಂಡಲ್‌ಗೆ ಕಟ್ಟಿದ ಫೋನ್ ನಮ್ಮ ಏಪ್ರಿಲ್ ಬಿಸಿಲಿಗೆ ಕಾದು ಸ್ಕ್ರೀನ್ ಮಂಕಾಗುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಮಳೆ ಹನಿ ಬಿದ್ದರೆ ತಾನಾಗಿಯೇ ಒತ್ತಿದ ಹಾಗೆ ಆಗುತ್ತದೆ. ಕ್ಯಾಮೆರಾದ್ದು ಇನ್ನೊಂದು ಚಿಂತೆ. ದೊಡ್ಡ ಎಂಜಿನ್ನಿನ ಬೈಕುಗಳ ನಡುಕದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಹೇಳಿತು. ಕೈ ಅಲುಗಿದರೂ ಚಿತ್ರ ಸ್ಥಿರವಾಗಿ ಬರಲಿ ಅಂತ ಕ್ಯಾಮೆರಾ ಒಳಗೆ ಇಟ್ಟಿರುವ ಸೂಕ್ಷ್ಮ ಭಾಗಗಳಿಗೆ ಆ ನಡುಕ ಆಗಿಬರುವುದಿಲ್ಲ. ಮನೆಯಲ್ಲಿ ಹಳೆ ಫೋನ್ ಇದ್ದರೆ ಅದಕ್ಕೆ ನಕ್ಷೆ ಡೌನ್‌ಲೋಡ್ ಮಾಡಿ, ನಡುಕ ತಡೆಯುವ ಹೋಲ್ಡರ್‌ನಲ್ಲಿ ಕೂರಿಸಿ. ಸಿಮ್ ಕೂಡ ಬೇಡ. ಜಿಪಿಎಸ್ ಸಿಗ್ನಲ್ ಉಪಗ್ರಹದಿಂದ ನೇರವಾಗಿ ಬರುತ್ತದೆ, ನೆಟ್‌ವರ್ಕ್ ಬೇಕಾಗುವುದು ನಕ್ಷೆ ತರಿಸಿಕೊಳ್ಳಲು ಅಷ್ಟೇ. ದಾಂಡೇಲಿ ದಾಟಿ ಅಣಶಿ ಕಾಡಿಗೆ ಹೋಗುವವರು ಇದನ್ನ ಮನೆಯಲ್ಲೇ ಮಾಡಿಕೊಂಡು ಹೊರಡಿ.

ವರ್ಷವಿಡೀ ಓಡಾಡುವವರಿಗೆ, ಮಳೆಯಲ್ಲೂ ಯಲ್ಲಾಪುರ, ಅರಬೈಲ್ ಘಾಟ್ ಅಂತ ಹೊರಡುವವರಿಗೆ ಮಾತ್ರ ಬೇರೆ ಜಿಪಿಎಸ್ ತಗೊಳ್ಳಿ ಅಂತೀನಿ. ಜೂಮೋ ಎಕ್ಸ್‌ಟಿಯ ಸ್ಕ್ರೀನ್ 5.5 ಇಂಚು, ಬಿಸಿಲಲ್ಲೂ ಓದಬಹುದು, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಆಮೇಲೆ ಬಂದ ಎಕ್ಸ್‌ಟಿ2 6 ಇಂಚು. ಆ ಅರ್ಧ ಇಂಚಿಗಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಯಾವುದೇ ತಗೊಂಡರೂ ಐಪಿಎಕ್ಸ್7 ಅಂತ ಬರೆದಿದೆಯಾ ನೋಡಿ. ಒಂದು ಮೀಟರ್ ಆಳದ ನೀರಲ್ಲಿ 30 ನಿಮಿಷ ಇಟ್ಟರೂ ತಡೆಯಬೇಕು ಅನ್ನುವ ಮಟ್ಟ ಅದು. ಮನೆಯಲ್ಲಿ ಕೂತು ಮಾಡಿದ ಜಿಪಿಎಕ್ಸ್ ಫೈಲ್, ಅಂದರೆ ನಾವು ಹೋಗಬೇಕಾದ ದಾರಿ ಇರುವ ಫೈಲ್, ಅದರೊಳಗೆ ಹಾಕಲು ಬರಬೇಕು, ದಾರಿ ಬಿಟ್ಟ ಕೂಡಲೇ ತನ್ನಿಷ್ಟದ ಹೊಸ ದಾರಿ ಹುಡುಕುವುದನ್ನ ನಿಲ್ಲಿಸಲು ಬರಬೇಕು. ಲಕ್ಷ್ಮೇಶ್ವರದ ಮೇಲೆ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಬೇಕು ಅಂತ ನಾವು ಹಾಕಿಕೊಂಡ ದಾರಿಯನ್ನ ಅದು ಬದಲಿಸಬಾರದು, ಅಲ್ವಾ?

ಜಿಪಿಎಸ್‌ಗೆ ಕರೆಂಟನ್ನ ಗಾಡಿಯ ಬ್ಯಾಟರಿಯಿಂದ ಫ್ಯೂಸ್ ಹಾಕಿಯೇ ತಗೊಳ್ಳಿ, ಚಾವಿ ತಿರುಗಿಸಿದಾಗ ಮಾತ್ರ ಬರುವ ಹಾಗೆ ಮೆಕ್ಯಾನಿಕ್‌ಗೆ ಹೇಳಿ.

ನವಲಗುಂದದಿಂದ ರೋಣದವರೆಗಿನ ಹೊಲದ ದಾರಿಗಳನ್ನ ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಹಾಕುತ್ತಾ ಇದ್ದೇನೆ, ಓಡಾಡಿ ನೋಡಿದ್ದು ಮಾತ್ರ. ಶಿರಹಟ್ಟಿ, ಸವಣೂರು, ಹಾನಗಲ್ ಕಡೆ ದಾರಿ ಗೊತ್ತಿರುವವರು ಅಲ್ಲಿಯದನ್ನ ಹಾಕಿ. ಡಾಂಬರಾ, ಖಡಿಯಾ, ಮಣ್ಣಾ, ಇಷ್ಟು ಬರೆದರೆ ಸಾಕು.